ಗಿಟಾರ್ ಪಕ್ಕಕ್ಕಿಡಿ, ಬರ್ತ್ ಸರ್ಟಿಫಿಕೇಟ್ ತೋರಿಸಿ

ಅಮೆರಿಕದ ಸಾರ್ವಕಾಲಿಕ ಶ್ರೇಷ್ಠ ರಾಕ್ ಬ್ಯಾಂಡ್ ಯಾವುದು ಅಂತ ಯಾರನ್ನಾದರೂ ಕೇಳಿ ನೋಡಿ. ಹಾಡಿನ ಮಾತು ಐದು ನಿಮಿಷ ನಡೆದರೆ ಹೆಚ್ಚು. ಆಮೇಲೆ ದಾಖಲೆ ಪರಿಶೀಲನೆ ಶುರು.

ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಲೆಡ್ ಜೆಪ್ಪೆಲಿನ್ ಎಲ್ಲ ಬ್ರಿಟನ್ನಿನವರು, ಬಾಗಿಲಲ್ಲೇ ಹೊರಗೆ. (ಪ್ರಶ್ನೆಗೆ 'ಅಮೆರಿಕದ' ಅಂತ ಸೇರಿಸಿದ್ದೇ ಇದಕ್ಕೆ ಅನ್ನೋದು ನನ್ನ ಗುಮಾನಿ.) ಫ್ಲೀಟ್‌ವುಡ್ ಮ್ಯಾಕ್ ಅರ್ಧ ಬ್ರಿಟನ್ನಿನವರು, ಅರ್ಧ ಅಮೆರಿಕದವರು, ಫೈಲು ಪೆಂಡಿಂಗ್. 'ದಿ ಬ್ಯಾಂಡ್' ಅನ್ನೋ ಹೆಸರಿನವರು ಅಮೆರಿಕದ ದಕ್ಷಿಣದ ಬಡ ರೈತರ ಬಗ್ಗೆ, ಅಲ್ಲಿನ ಅಂತರ್ಯುದ್ಧದ ಬಗ್ಗೆ ಎದೆ ತುಂಬಿ ಹಾಡಿದರು, ಆದರೆ ಐವರಲ್ಲಿ ನಾಲ್ವರು ಕೆನಡಾದವರು. ಅರ್ಜಿ ವಜಾ. ಹಾಗಾದರೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದ, ವ್ಯಾನ್ ಹೇಲನ್ ಬ್ಯಾಂಡ್‌ನ ಅಣ್ಣತಮ್ಮಂದಿರು? ಅಯ್ಯೋ, ಅವರು ಚಿಕ್ಕವರಿದ್ದಾಗಲೇ ಬಂದವರಲ್ವಾ, ನಡೆಯುತ್ತೆ! ಅಮೆರಿಕದ ಮೆಟಾಲಿಕಾ ಬ್ಯಾಂಡ್‌ನ ಡ್ರಮ್ಮರ್ ಲಾರ್ಸ್ ಉಲ್ರಿಕ್ ಡೆನ್ಮಾರ್ಕಿನವರು ಅಂತ ಮಾತ್ರ ಜೋರಾಗಿ ಹೇಳಬೇಡಿ, 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ ಕಾರ್ಯಕ್ರಮ ನೋಡಿ ಬಂದವರು ಇನ್ನೂ ಕಪ್ಪು ಟೀಶರ್ಟ್ ಬಿಚ್ಚಿಲ್ಲ.

ಮೊದಲು ಬ್ಯಾಂಡ್ ಆರಿಸಿಕೊಳ್ಳೋದು, ಆಮೇಲೆ ಅದಕ್ಕೆ ತಕ್ಕ ನಿಯಮ ಬರೆಯೋದು. ಇಷ್ಟೇ ಇವರ ವಿಧಾನ.

ಈಗಲ್ಸ್ ಅಭಿಮಾನಿಗೆ ಮಾರಾಟವೇ ಅಳತೆಗೋಲು. ಅವರ ಮೊದಲ ಹಿಟ್ ಹಾಡುಗಳ ಸಂಗ್ರಹ 2018ರಲ್ಲಿ 38 ಸಲ ಪ್ಲಾಟಿನಮ್ ಆಯಿತು (ಅಮೆರಿಕದಲ್ಲಿ ಹತ್ತು ಲಕ್ಷ ಪ್ರತಿಗೆ ಒಂದು ಪ್ಲಾಟಿನಮ್ ಲೆಕ್ಕ), ಮೈಕಲ್ ಜಾಕ್ಸನ್‌ನನ್ನೇ ಹಿಂದೆ ಹಾಕಿತು, ಇನ್ನೇನು ಬೇಕು ಅಂತಾನೆ. ರಾಮೋನ್ಸ್ ಅಭಿಮಾನಿಗೆ ಮಾರಾಟ ಅಂದರೇನೇ ಕೀಳು. ಅವನ ದೇವರುಗಳ ಮೊದಲ ಆಲ್ಬಮ್ ಬಂದಿದ್ದು 1976ರಲ್ಲಿ, ಬರೀ ಗೋಲ್ಡ್, ಅಂದರೆ ಐದು ಲಕ್ಷ ಪ್ರತಿ, ಆಗೋಕೆ 2014 ಬರಬೇಕಾಯಿತು. ಅಲ್ಲಿ 38 ಪ್ಲಾಟಿನಮ್, ಇಲ್ಲಿ 38 ವರ್ಷ. ಇಬ್ಬರಿಗೂ ಅದೇ ಹೆಮ್ಮೆ!

ಸರಿ, ಜನರೇ ತೀರ್ಮಾನಿಸಲಿ ಅಂದರೆ ಅದಕ್ಕೂ ಒಂದು ವ್ಯವಸ್ಥೆ ಇದೆ. ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಅಂತ, ರಾಕ್ ದಿಗ್ಗಜರನ್ನು ಆರಿಸಿ ಗೌರವಿಸೋ ಒಂದು ಸಂಸ್ಥೆ, ಅದರ ಮ್ಯೂಸಿಯಂ ಇರೋದು ಕ್ಲೀವ್‌ಲ್ಯಾಂಡ್‌ನಲ್ಲಿ. ಅವರು ಪ್ರತಿ ವರ್ಷ ಅಭಿಮಾನಿಗಳಿಂದ ವೋಟು ಹಾಕಿಸುತ್ತಾರೆ. 2020ರಲ್ಲಿ ಡೇವ್ ಮ್ಯಾಥ್ಯೂಸ್ ಬ್ಯಾಂಡ್‌ಗೆ ಹತ್ತು ಲಕ್ಷಕ್ಕೂ ಜಾಸ್ತಿ ವೋಟು ಬಿದ್ದು ಮೊದಲ ಸ್ಥಾನ ಬಂತು. ಆದರೆ ಒಳಗೆ ಸೇರಿಸಿಕೊಳ್ಳಲಿಲ್ಲ. ಯಾಕೆ ಅಂದರೆ ಅಭಿಮಾನಿಗಳದ್ದೆಲ್ಲ ಸೇರಿ ಒಂದೇ ಮತಪತ್ರ, ಸಂಸ್ಥೆಯೇ ಆರಿಸಿದ ಸಾವಿರಕ್ಕೂ ಹೆಚ್ಚು ಮತದಾರರ ರಾಶಿಯಲ್ಲಿ ಅದೂ ಒಂದು. ಹತ್ತು ಲಕ್ಷ ಸಲ ಬಟನ್ ಒತ್ತಿದ್ದು ಸುಮ್ನೆ ಬೆರಳಿನ ವ್ಯಾಯಾಮ. ನಾಲ್ಕು ವರ್ಷ ಕಾಯಿಸಿ 2024ರಲ್ಲಿ ಒಳಗೆ ಬಿಟ್ಟರು. ಈ ನಡುವೆ ಅವರ ಸಂಗೀತದಲ್ಲಿ ಅಂಥ ಏನು ಸುಧಾರಣೆ ಆಯಿತೋ ಗೊತ್ತಿಲ್ಲ.

ನನ್ನ ವೋಟು ಯಾರಿಗೆ ಅಂದರೆ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್‌ಗೆ. ನಾಲ್ವರೂ ಕ್ಯಾಲಿಫೋರ್ನಿಯಾದ ಎಲ್ ಸೆರಿಟೊ ಕಡೆಯ ಹುಡುಗರು, ಲೂಸಿಯಾನಾದ ಜೌಗು ನೆಲದ ಬಗ್ಗೆ ಅಲ್ಲೇ ಹುಟ್ಟಿದವರ ಹಾಗೆ ಹಾಡಿದರು. ಕಾಗದಪತ್ರ ಎಲ್ಲ ಪಕ್ಕಾ. 1993ರಲ್ಲಿ ಅವರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿದಾಗ ಬ್ಯಾಂಡಿನ ಗಾಯಕ ಜಾನ್ ಫೋಗರ್ಟಿ ತನ್ನ ಹಳೇ ಜೊತೆಗಾರರ ಜೊತೆ ನುಡಿಸೋದೇ ಇಲ್ಲ ಅಂತ ಹಟ ಹಿಡಿದರು. ಬದಲಿಗೆ ವೇದಿಕೆ ಮೇಲೆ ಅವರ ಪಕ್ಕದಲ್ಲಿ ಗಿಟಾರ್ ಹಿಡಿದವರು ಇಬ್ಬರು. ಒಬ್ಬರು ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್. ಇನ್ನೊಬ್ಬರು ದಿ ಬ್ಯಾಂಡ್‌ನ ರಾಬಿ ರಾಬರ್ಟ್‌ಸನ್, ಊರು ಟೊರಾಂಟೊ, ಕೆನಡಾ.