ಆಶ್‌ಖಾನ್‌ನನ್ನು ಕೊಂದವನಿಗೆ ಪಟ್ಟ ಸಿಗುವುದಿಲ್ಲ

ಫ್ಯಾಂಟಸಿ ಗೇಮ್‌ಗಳಲ್ಲಿ ಬುಡಕಟ್ಟು ಅಂದರೆ ಒಂದೇ ಕಥೆ. ದೊಡ್ಡ ಕೊಡಲಿ ಹಿಡಿದ ನಾಯಕ ಇರುತ್ತಾನೆ, ಅವನನ್ನು ಉರುಳಿಸಿದವನು ಮುಂದಿನ ನಾಯಕ. ಮೊರೊವಿಂಡ್‌ನ ಆಶ್‌ಲ್ಯಾಂಡರ್‌ಗಳನ್ನೂ ಇದೇ ಕಣ್ಣಲ್ಲಿ ನೋಡುವವರು ಜಾಸ್ತಿ. ‘ಬಲ ಇದ್ದವನದ್ದೇ ಆಳ್ವಿಕೆ, ಅದರಲ್ಲೇನಿದೆ’ ಅಂದು ಮುಗಿಸಿಬಿಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಕೊಂದು ಪಟ್ಟ ಏರುವ ಪದ್ಧತಿ 2002ರ ಆ ಗೇಮ್‌ನಲ್ಲಿ ಇರುವುದೇನೋ ನಿಜ. ಆದರೆ ಅದು ಇರುವುದು ಅಲೆಮಾರಿಗಳ ಗುಡಾರದಲ್ಲಿ ಅಲ್ಲ, ತಾವೇ ನಾಗರಿಕರು ಅಂತ ಬೀಗುವ ಮನೆತನಗಳಲ್ಲಿ.

ಆಡದವರಿಗಾಗಿ ಸ್ವಲ್ಪ ಹಿನ್ನೆಲೆ. ವಾರ್ಡನ್‌ಫೆಲ್ ದ್ವೀಪದ ಬೂದಿ ಬಯಲುಗಳಲ್ಲಿ ಗುವಾರ್ ಅನ್ನುವ ಸಾಕುಪ್ರಾಣಿ ಮೇಯಿಸಿಕೊಂಡು, ಬೇಟೆಯಾಡಿಕೊಂಡು ಅಲೆಯುವ ಡನ್ಮರ್ (ಡಾರ್ಕ್ ಎಲ್ಫ್) ಜನವೇ ಆಶ್‌ಲ್ಯಾಂಡರ್‌ಗಳು. ಟ್ರಿಬ್ಯುನಲ್‌ನ ಮೂವರು ಜೀವಂತ ದೇವರುಗಳಿಗೆ ಇವರು ತಲೆಬಾಗುವುದಿಲ್ಲ. ಉರ್ಶಿಲಾಕು, ಅಹೆಮ್ಮುಸಾ, ಎರಾಬೆನಿಮ್ಸುನ್, ಜೈನಾಬ್ ಅಂತ ನಾಲ್ಕು ಮುಖ್ಯ ಬುಡಕಟ್ಟುಗಳು. ನಾಲ್ಕಕ್ಕೂ ಮೇಲೊಬ್ಬ ದೊರೆ ಇಲ್ಲ. ಬುಡಕಟ್ಟಿನ ನಾಯಕ ಆಶ್‌ಖಾನ್. ಅವನ ಬಲಗೈಯಾಗಿ ನಿಲ್ಲುವ ಯೋಧರು ಗುಲಾಖಾನ್‌ಗಳು. ಪಕ್ಕದ ಗುಡಾರದಲ್ಲಿ ವೈಸ್ ವುಮನ್. ಕನಸು, ಭವಿಷ್ಯವಾಣಿ, ಪೂರ್ವಿಕರ ಮಾತು ಎಲ್ಲ ಅವಳ ಪಾಲಿಗೆ.

ಇವಳನ್ನು ಸುಮ್ನೆ ಮಂತ್ರ ಹಾಕುವ ಅಜ್ಜಿ ಅಂದುಕೊಂಡರೆ ಇಡೀ ವ್ಯವಸ್ಥೆಯೇ ಅರ್ಥವಾಗುವುದಿಲ್ಲ. ಉರ್ಶಿಲಾಕುವಿನ ಆಶ್‌ಖಾನ್ ಸುಲ್-ಮಟೂಲ್ ಸಣ್ಣ ಆಸಾಮಿಯೇನಲ್ಲ. ಹೊರಗಿನವರನ್ನು ಪರೀಕ್ಷಿಸದೆ ಹತ್ತಿರ ಸೇರಿಸುವುದಿಲ್ಲ. ತನ್ನ ತಂದೆಯ ಬಿಲ್ಲು ತರಲು ಸಮಾಧಿ ಗುಹೆಗೇ ಕಳಿಸುತ್ತಾನೆ. ಆದರೆ ಆಡುವ ನೀವು ನೆರೆವರೀನ್, ಅಂದರೆ ಭವಿಷ್ಯವಾಣಿ ಹೇಳಿದ ಮರುಹುಟ್ಟಿನ ವೀರ, ಹೌದೋ ಅಲ್ಲವೋ ಅನ್ನುವ ಪ್ರಶ್ನೆ ಬಂದಾಗ ಅವನೂ ತನ್ನ ಬುಡಕಟ್ಟಿನ ವೈಸ್ ವುಮನ್ ನಿಬಾನಿ ಮೇಸಾ ಕಡೆ ಬೆರಳು ತೋರಿಸುತ್ತಾನೆ. ಅವಳೋ ಹೌದು ಅನ್ನುವುದಿಲ್ಲ, ಇಲ್ಲ ಅಂತಲೂ ಅನ್ನುವುದಿಲ್ಲ, ಆಗಬಹುದು ಅನ್ನುತ್ತಾಳೆ. ದಂಡು ನಡೆಸುವವನು ಒಬ್ಬ, ದಂಡು ಯಾರ ಹಿಂದೆ ಹೋಗಬೇಕು ಅಂತ ಹೇಳುವವಳು ಇನ್ನೊಬ್ಬಳು. ಎರಡು ಅಧಿಕಾರವೂ ಒಂದೇ ಕೈಯಲ್ಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎರಾಬೆನಿಮ್ಸುನ್ ಪ್ರಸಂಗ. ಅಲ್ಲಿನ ಆಶ್‌ಖಾನ್ ಉಲಾತ್-ಪಾಲ್‌ಗೆ ಯುದ್ಧದ ಹುಚ್ಚು. ನಾಲ್ಕೂ ಬುಡಕಟ್ಟುಗಳು ನಿಮ್ಮನ್ನು ನೆರೆವರೀನ್ ಅಂತ ಒಪ್ಪಬೇಕು, ಆದರೆ ಅವನಿಂದ ಒಪ್ಪಿಗೆ ಸಿಗುವ ಮಾತೇ ಇಲ್ಲ. ವೈಸ್ ವುಮನ್ ಮನಿರಾಯಿ ತಣ್ಣಗೆ ಒಂದು ದಾರಿ ಹೇಳುತ್ತಾಳೆ: ಅವನನ್ನೂ ಅವನ ಬೆಂಬಲಿಗರನ್ನೂ ತೆಗೆದುಬಿಡು, ಅದೇ ಬುಡಕಟ್ಟಿನ ಹಾನ್-ಅಮ್ಮುವನ್ನು ಆಶ್‌ಖಾನ್ ಮಾಡು. ಇದನ್ನು ಸಂಚು ಅನ್ನದೆ ಬೇರೇನು ಅನ್ನೋಣ? ನೀವು ಹೋಗಿ ಕೊಲ್ಲುತ್ತೀರಿ. ಬಲವೇ ನ್ಯಾಯ ಆಗಿದ್ದರೆ ಆಮೇಲೆ ನೀವೇ ಆಶ್‌ಖಾನ್ ಆಗಬೇಕಿತ್ತು, ಅಲ್ವಾ? ಆಗುವುದಿಲ್ಲ. ಆ ಮಾತನ್ನು ಅಲ್ಲಿ ಯಾರೂ ಎತ್ತುವುದೂ ಇಲ್ಲ.

ಹಾನ್-ಅಮ್ಮುವಿಗೂ ಜಾಗ ಖಾಲಿಯಾದ ಮಾತ್ರಕ್ಕೆ ಧೈರ್ಯ ಬರುವುದಿಲ್ಲ. ಅವನಿಗೆ ಮೂರು ಹಳೆಯ ವಸ್ತುಗಳನ್ನು ತಂದು ಕೊಡಬೇಕು: ಸನಿತ್-ಕಿಲ್‌ನ ತಾಯಿತ, ಐರನ್-ಅಮ್ಮುವಿನ ಯುದ್ಧ ಕೊಡಲಿ, ಜ್ಞಾನಿ ಎರುರ್-ದಾನ್‌ನ ನಿಲುವಂಗಿ. ಇವು ಕೈಗೆ ಬಂದ ಮೇಲೆಯೇ ಅವನು ಒಪ್ಪುವುದು. ಕೊಲೆಯಿಂದ ಜಾಗ ತೆರವಾಯಿತು, ಅಷ್ಟೇ. ಆ ಜಾಗದಲ್ಲಿ ಕೂರುವ ಹಕ್ಕು ಸತ್ತುಹೋದ ಹಿರಿಯರಿಂದಲೇ ಬರಬೇಕು. ಇಷ್ಟು ಸೂಕ್ಷ್ಮವಾದ ರಾಜಕೀಯವನ್ನು ಎಷ್ಟೋ ಜನ ಬರೀ ‘ನಾಲ್ಕು ಜನರನ್ನು ಹೊಡೆಯುವ ಕ್ವೆಸ್ಟ್’ ಅಂತ ದಾಟಿಬಿಡುತ್ತಾರೆ. ಹೊಟ್ಟೆ ಉರಿಯುತ್ತದೆ.

ಈಗ ಮನೆತನಗಳ ಕಡೆ ನೋಡಿ. ಇದೇ ಹಂತದಲ್ಲಿ ಮೂರು ದೊಡ್ಡ ಮನೆತನಗಳೂ ನಿಮ್ಮನ್ನು ಹಾರ್ಟೇಟರ್ (ಯುದ್ಧನಾಯಕ) ಅಂತ ಒಪ್ಪಬೇಕು. ಅಲ್ಲಿ ಸಭೆ ಇದೆ, ಸದಸ್ಯರಿದ್ದಾರೆ, ದೊಡ್ಡ ಬಂಗಲೆಗಳಿವೆ. ಕೆಲಸ ಆಗುವುದು ಮಾತ್ರ ಬೇರೆ ರೀತಿ. ಹ್ಲಾಲುವಿನ ಕ್ರಾಸಿಯಸ್ ಕ್ಯೂರಿಯೋ ಸಂಕೋಚವೇ ಇಲ್ಲದೆ ದುಡ್ಡು ಕೇಳುತ್ತಾನೆ. ರೆಡೋರಾನ್‌ನ ಬೋಲ್ವಿನ್ ವೆನಿಮ್ ಜೊತೆ ವಿವೆಕ್ ನಗರದ ಅಖಾಡದಲ್ಲಿ ಸಾಯುವ ತನಕ ಕಾದಾಡಬೇಕು. ಟೆಲ್ವಾನ್ನಿಯಲ್ಲಂತೂ ಮುಖ್ಯಸ್ಥನಾದ ಆರ್ಚ್‌ಮ್ಯಾಜಿಸ್ಟರ್ ಗೋಥ್ರೆನ್‌ನನ್ನು ಮುಗಿಸದೆ ದಾರಿಯಿಲ್ಲ. ನೀವು ಆ ಮನೆತನದವರೇ ಆಗಿದ್ದರೆ ಅವನನ್ನು ಕೊಂದು ಅವನ ಪೀಠದಲ್ಲೇ ಕೂರಬಹುದು! ಕಾಡು ನ್ಯಾಯ ಯಾವುದು ಅಂತ ನೀವೇ ಹೇಳಿ.

ಹಾಗಂತ ಬುಡಕಟ್ಟಿನವರು ದೇವತೆಗಳೇನಲ್ಲ. ಜೈನಾಬ್‌ನ ಆಶ್‌ಖಾನ್ ಕೌಶಾದ್‌ಗೆ ಟೆಲ್ವಾನ್ನಿಯ ಕುಲೀನ ಹೆಣ್ಣೇ ಹೆಂಡತಿಯಾಗಿ ಬೇಕು. ವೈಸ್ ವುಮನ್ ಸೊನುಮ್ಮು ಜಬಮತ್ ಹೇಳಿಕೊಡುವ ಉಪಾಯ ಏನು? ಒಬ್ಬ ಗುಲಾಮ ಹೆಣ್ಣಿಗೆ ಒಳ್ಳೆ ಬಟ್ಟೆ ತೊಡಿಸಿ ಕರೆತಂದುಬಿಡು. ಇದನ್ನು ತಮಾಷೆ ಅಂತ ಬರೆದಿದ್ದಾರೆ. ನನಗೆ ನಗು ಬರಲಿಲ್ಲ. ಆದರೆ ಇಲ್ಲೂ ಗಮನಿಸಿ, ನಾಯಕನ ಬೆನ್ನ ಹಿಂದೆ ಕೆಲಸ ಸಾಗಿಸುವವಳು ಅವಳೇ. ಅಹೆಮ್ಮುಸಾದಲ್ಲಿ ಆಶ್‌ಖಾನೇ ಇಲ್ಲ. ಸಿನ್ನಮ್ಮು ಮಿರ್ಪಾಲ್ ಒಬ್ಬಳೇ ಜನರನ್ನು ನಡೆಸುತ್ತಾಳೆ, ಅವರಿಗೆ ನೆಲೆ ಹುಡುಕುತ್ತಾಳೆ. ನಿಮ್ಮನ್ನು ನೆರೆವರೀನ್ ಅಂತ ಹೆಸರಿಸುವುದೂ ಅವಳೇ. ಆಶ್‌ಖಾನ್ ಇಲ್ಲದ ಬುಡಕಟ್ಟನ್ನು ಗೇಮ್ ತೋರಿಸುತ್ತದೆ. ವೈಸ್ ವುಮನ್ ಇಲ್ಲದ್ದು ಈ ನಾಲ್ಕರಲ್ಲಿ ಒಂದೂ ಇಲ್ಲ.

ಎರಡು ಕೈಯ ಅಧಿಕಾರ ಒಂದಾದರೆ ಏನಾಗುತ್ತದೆ ಅನ್ನುವುದಕ್ಕೆ 2017ರಲ್ಲಿ ಬಂದ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನ ಮೊರೊವಿಂಡ್ ಅಧ್ಯಾಯ ನೋಡಿ. ಚೋಡಾಲಾ ಅನ್ನುವ ಆಶ್‌ಖಾನ್ ತಾನೇ ನೆರೆವರೀನ್ ಅಂತ ಸಾರಿಕೊಳ್ಳುತ್ತಾನೆ. ಜನ ಅವನ ಹಿಂದೆ ಹೋಗುತ್ತಾರೆ. ಕೊನೆಗೆ ಅವನ ಸಹೋದರಿ ಸೆರಿನ್ನೇ ಅವನ ವಿರುದ್ಧ ನಿಲ್ಲಬೇಕಾಗುತ್ತದೆ.

ನನ್ನ ತಕರಾರು ಒಂದಿದೆ. ಇಷ್ಟು ಚೆನ್ನಾಗಿ ಕಟ್ಟಿದ ವ್ಯವಸ್ಥೆಯ ಗಂಟು ಬಿಡಿಸಲು ಪ್ರತಿ ಸಲವೂ ಹೊರಗಿನ ನಾವೇ ಬೇಕು. ಆಟ ಅಂದಮೇಲೆ ಅಷ್ಟು ಇರಲಿ ಬಿಡಿ. ಆದರೆ ಹಾನ್-ಅಮ್ಮು ಆಮೇಲೆ ಹೇಗೆ ಆಳಿದ ಅನ್ನುವ ಕ್ವೆಸ್ಟೇ ಇಲ್ಲ ನೋಡಿ! ಕಾದಾಟವನ್ನೇ ಉಸಿರಾಡುವ ಬುಡಕಟ್ಟು, ಅಂಜುಬುರುಕ ಆಶ್‌ಖಾನ್, ಹಳೆಯ ನಾಯಕನನ್ನು ಕೊಲ್ಲಿಸಿದ ವೈಸ್ ವುಮನ್ ಪಕ್ಕದ ಗುಡಾರದಲ್ಲೇ. ಅದನ್ನು ಆಡಲು ಕೊಟ್ಟಿದ್ದರೆ ರೆಡ್ ಮೌಂಟನ್ ಹತ್ತಿ ಕಥೆ ಮುಗಿಸುವುದನ್ನು ನಾನು ಮುಂದಕ್ಕೆ ಹಾಕುತ್ತಿದ್ದೆ.