ರೀವ ಹಾರಲು ಗಾಳಿ ಸಾಕು, ನಮ್ಮ ಚಪ್ಪಾಳೆ ಬೇಡ

ಬೇಸಿಗೆ ಬಂತೆಂದರೆ ನಮ್ಮ ಮೈಸೂರು, ಮಂಡ್ಯ ಕಡೆಯ ಫೋಟೋಗ್ರಫಿ ಗ್ರೂಪ್‌ಗಳಲ್ಲಿ ಒಂದೇ ಬಗೆಯ ಚಿತ್ರ ಸುತ್ತಾಡುತ್ತದೆ. ನೀರಿನ ನಡುವೆ ಒಂದು ಬಂಡೆ. ಅದರ ಮೇಲಿಂದ ಒಟ್ಟಿಗೇ ಎದ್ದ ಹತ್ತಾರು ನದಿ ರೀವಗಳು, ಅಂದರೆ ರಿವರ್ ಟರ್ನ್ ಅನ್ನುವ ಮೀನು ಹಿಡಿಯುವ ಹಕ್ಕಿಗಳು. ಬಿಳಿ ರೆಕ್ಕೆ, ಹಳದಿ ಕೊಕ್ಕು, ಕರಿ ಟೋಪಿ. ಕೆಳಗೆ ಸಾಲು ಸಾಲು ‘ಸೂಪರ್’. ಆ ಚಿತ್ರ ನೋಡಿದಾಗಲೆಲ್ಲ ನನಗೆ ಹೊಟ್ಟೆ ಚುರ್ ಅನ್ನುತ್ತದೆ. ಮೊಟ್ಟೆ ಇಟ್ಟ ಕಾಲದಲ್ಲಿ ಇಡೀ ಗುಂಪು ಹಾಗೆ ಎದ್ದರೆ ಸಾಮಾನ್ಯವಾಗಿ ಏನೋ ಹೆದರಿಸಿರುತ್ತದೆ. ಅದು ಹದ್ದು ಇರಬಹುದು. ದೋಣಿ ತೀರಾ ಹತ್ತಿರ ಹೋಗಿರಬಹುದು. ಯಾರೋ ಚಪ್ಪಾಳೆ ತಟ್ಟಿರಬಹುದು, ಕಲ್ಲು ಎಸೆದಿರಬಹುದು. ಹಿನ್ನೀರಿನ ದಡದಲ್ಲಿ ಕಲ್ಲು ಎಸೆದದ್ದನ್ನು ನಾನೇ ನೋಡಿದ್ದೇನೆ.

ಸುಮಾರು ಮಾರ್ಚ್‌ನಿಂದ ಮೇವರೆಗೆ ರೀವ ಮೊಟ್ಟೆ ಇಡುವ ಕಾಲ. ಗೂಡು ಅಂತ ಹೇಳಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ಬರಿ ಬಂಡೆ ಅಥವಾ ಮರಳಿನ ಮೇಲೆ ಸಣ್ಣ ತಗ್ಗು, ಅದರಲ್ಲಿ ಎರಡೋ ಮೂರೋ ಮೊಟ್ಟೆ. ಏಪ್ರಿಲ್ ಮಧ್ಯಾಹ್ನ ಆ ಬಂಡೆ ಎಷ್ಟು ಕಾದಿರುತ್ತದೆ ಅಂತ ಬರಿಗಾಲಲ್ಲಿ ನಿಂತು ನೋಡಿ. ಆ ಹೊತ್ತಿನಲ್ಲಿ ತಾಯಿ ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ನೆರಳು ಕೊಡೋಕೆ. ಅದನ್ನು ಎಬ್ಬಿಸಿದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಕಾಗೆಗಳು ಅದನ್ನೇ ಕಾಯುತ್ತಿರುತ್ತವೆ. ನದಿ ರೀವ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಪಟ್ಟಿಯಲ್ಲಿ ಅಳಿವಿನ ಅಪಾಯ ಇರುವ ಹಕ್ಕಿ. ಮೇಲಿನ ಡ್ಯಾಮಿನಿಂದ ನೀರು ಬಿಟ್ಟರೆ ಬಂಡೆಯೇ ಮುಳುಗುತ್ತದೆ, ಮೊಟ್ಟೆಯೂ ಹೋಗುತ್ತದೆ. ಅಂಥ ಕಷ್ಟದ ಮೇಲೆ ನಮ್ಮದೂ ಒಂದು ಸೇರಬೇಕಾ?

ಹಾರುವ ಹಕ್ಕಿಯ ಫೋಟೋ ಬೇಡ ಅಂತ ನಾನು ಹೇಳುತ್ತಿಲ್ಲ. ನನಗೂ ಅದರ ಹುಚ್ಚಿದೆ. ಕಡಲಕ್ಕಿಗಳು, ಅವುಗಳ ನೆಂಟರಾದ ಈ ರೀವಗಳು ಹಾರುವಾಗಲೇ ಚೆಂದ. ನಾನು ಹೇಳುವುದು ಇಷ್ಟೇ. ರೀವವನ್ನು ಯಾರೂ ಎಬ್ಬಿಸಬೇಕಾಗಿಲ್ಲ. ಅದು ದಿನವಿಡೀ ಹಾರುತ್ತಲೇ ಇರುತ್ತದೆ. ಅದು ನಮ್ಮ ಎದುರಿಗೆ ಹಾರಿ ಬರುವ ಜಾಗದಲ್ಲಿ ನಾವು ನಿಂತಿರಬೇಕು, ಅಷ್ಟೇ. ಆ ಜಾಗವನ್ನು ಗಾಳಿ ಹೇಳುತ್ತದೆ.

ಹಕ್ಕಿ ಮೇಲೇಳುವುದು, ಇಳಿಯುವುದು, ಮೀನಿಗಾಗಿ ಗಾಳಿಯಲ್ಲಿ ನಿಲ್ಲುವುದು, ಎಲ್ಲವೂ ಗಾಳಿಗೆ ಎದುರಾಗಿ. ಎದುರುಗಾಳಿಯಲ್ಲಿ ಅದರ ವೇಗ ನಮ್ಮ ಕಣ್ಣಿಗೆ ಅರ್ಧಕ್ಕರ್ಧ ಇಳಿದಂತೆ ಕಾಣುತ್ತದೆ. ಆದ್ದರಿಂದ ಗಾಳಿಯೂ ಸೂರ್ಯನೂ ಎರಡೂ ನಮ್ಮ ಬೆನ್ನಿಗೆ ಇರಬೇಕು. ಆಗ ಹಕ್ಕಿ ನಮ್ಮ ಕಡೆ ಮುಖ ಮಾಡಿ ಬರುತ್ತದೆ, ನಿಧಾನವಾಗಿಯೂ ಬರುತ್ತದೆ, ಮುಖದ ಮೇಲೆ ಬೆಳಕೂ ಇರುತ್ತದೆ. ಮೇ ಕೊನೆಯಿಂದ ನಮ್ಮ ಕಡೆ ಪಡುವಣ ಗಾಳಿ ಜೋರು. ಬೆಳಿಗ್ಗೆ ಸೂರ್ಯ ಮೂಡಣದಲ್ಲಿ, ಗಾಳಿ ಪಡುವಣದಿಂದ. ಸೂರ್ಯನಿಗೆ ಬೆನ್ನು ಕೊಟ್ಟು ನಿಂತರೆ ಬರೀ ಹಕ್ಕಿಯ ಬಾಲದ ಫೋಟೋ ಸಿಗುತ್ತದೆ. ಹಾಗಾಗಿ ಆ ಕಾಲದಲ್ಲಿ ಸಂಜೆ ಹೋಗಬೇಕು, ಪಡುವಣ ದಡದಲ್ಲಿ ನಿಂತು ಮೂಡಣಕ್ಕೆ ನೋಡಬೇಕು. ಡಿಸೆಂಬರ್, ಜನವರಿಯಲ್ಲಿ ಗಾಳಿ ಹೆಚ್ಚಾಗಿ ಮೂಡಣದ ಕಡೆಯಿಂದ. ಆಗ ಬೆಳಿಗ್ಗೆಯೇ ಸರಿ. ಎಲ್ಲರೂ ವರ್ಷವಿಡೀ ‘ಬೆಳಿಗ್ಗೆ ಆರಕ್ಕೇ ಇರಬೇಕು’ ಅಂತಾರಲ್ಲ, ಆ ಮಾತು ಅರ್ಧ ವರ್ಷಕ್ಕೆ ಮಾತ್ರ ಒಪ್ಪುತ್ತದೆ ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ರೀವಕ್ಕೆ ಒಂದು ಬೀಟ್ ಇರುತ್ತದೆ. ನೀರಿನ ಮೇಲೆ ಕೊಕ್ಕು ಕೆಳಗೆ ಮಾಡಿಕೊಂಡು ಒಂದೇ ದಾರಿಯಲ್ಲಿ ಹೋಗುತ್ತದೆ, ತಿರುಗುತ್ತದೆ, ಮತ್ತೆ ಅದೇ ದಾರಿಯಲ್ಲಿ ಬರುತ್ತದೆ. ಕ್ಯಾಮೆರಾ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ನೋಡಿದರೆ ಈ ದಾರಿ ತಿಳಿಯುತ್ತದೆ. ಮೀನು ಕಂಡಾಗ ಅದು ನಿಲ್ಲುತ್ತದೆ. ರೆಕ್ಕೆ ಪಟಪಟ ಬಡಿಯುತ್ತಾ, ತಲೆ ಮಾತ್ರ ಒಂಚೂರೂ ಅಲುಗದೆ, ಗಾಳಿಯಲ್ಲಿ ನಿಂತೇ ಬಿಡುತ್ತದೆ. ಫೋಕಸ್ ಹಿಡಿಯುವ ಹೊತ್ತು ಇದೇ. ರೆಕ್ಕೆ ಮಡಚಿ ಬಿದ್ದ ಮೇಲೆ ಹುಡುಕಿದರೆ ಸಿಗುವುದು ನೀರಿನ ಚಿಲುಮೆ ಮಾತ್ರ. ಚಳಿಗಾಲದಲ್ಲಿ ಕೆರೆಗಳಿಗೆ ಬರುವ ಮೀಸೆ ರೀವ ಹೀಗೆ ಧುಮುಕುವುದು ಕಡಿಮೆ. ಅದು ನೀರಿನ ಮೇಲ್ಮೈಗೆ ಬಾಗಿ ಹುಳುವನ್ನೋ ಮರಿಮೀನನ್ನೋ ಹೆಕ್ಕಿಕೊಂಡು ಹೋಗುತ್ತದೆ. ಕಲಿಯುವವರಿಗೆ ಮೀಸೆ ರೀವವೇ ಒಳ್ಳೆಯದು. ಅದು ನಮಗೆ ಮತ್ತೆ ಮತ್ತೆ ಅವಕಾಶ ಕೊಡುತ್ತದೆ.

ಕ್ಯಾಮೆರಾ ಸೆಟ್ಟಿಂಗ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಶಟರ್ ಸೆಕೆಂಡಿನ 1/2500 ಭಾಗ ಇದ್ದರೆ ಹಾರಾಟಕ್ಕೆ ಸಾಕು, ಧುಮುಕುವುದಕ್ಕೆ 1/3200 ಅಥವಾ ಇನ್ನೂ ವೇಗ ಬೇಕು. ಫೋಕಸ್ ಕಂಟಿನ್ಯುಯಸ್‌ನಲ್ಲಿರಲಿ. ಹಕ್ಕಿ ಬರುವ ದೂರಕ್ಕೆ ಮೊದಲೇ ಫೋಕಸ್ ಮಾಡಿ ಇಟ್ಟುಕೊಂಡರೆ ಲೆನ್ಸ್ ತಡಕಾಡುವುದಿಲ್ಲ. ಇದೆಲ್ಲ ಎಲ್ಲರೂ ಹೇಳುವುದೇ.

ನಾನು ಒತ್ತಿ ಹೇಳುವುದು ಬೆಳಕಿನ ಲೆಕ್ಕದ ಬಗ್ಗೆ. ಹಕ್ಕಿ ಬಿಳಿ. ಹಿಂದೆ ಒಮ್ಮೆ ಕಪ್ಪು ನೀರು, ಒಮ್ಮೆ ಬಂಡೆ, ಒಮ್ಮೆ ಬೆಳ್ಳಗಿನ ಆಕಾಶ. ಕ್ಯಾಮೆರಾ ಕಪ್ಪು ನೀರನ್ನು ನೋಡಿ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ, ರೆಕ್ಕೆಯ ಗರಿಗಳೆಲ್ಲ ಅಳಿಸಿಹೋಗುತ್ತವೆ. ಆಕಾಶ ನೋಡಿದರೆ ಹಕ್ಕಿಯೇ ಕಪ್ಪಾಗುತ್ತದೆ. ಆದರೆ ಹಕ್ಕಿಯ ಮೇಲೆ ಬೀಳುವ ಬಿಸಿಲು ಒಂದೇ ಅಲ್ವಾ? ಆದ್ದರಿಂದ ಮ್ಯಾನುಯಲ್‌ಗೆ ಹಾಕಿ. ಆಟೋ ಐಎಸ್‌ಒ (ಬೆಳಕಿನ ಸಂವೇದನೆಯನ್ನು ಕ್ಯಾಮೆರಾವೇ ಬದಲಿಸುವ ಸೆಟ್ಟಿಂಗ್) ತೆಗೆಯಿರಿ. ಬಿಳಿ ಗರಿಗೆ ಸರಿಯಾಗುವ ಹಾಗೆ ಒಮ್ಮೆ ಹೊಂದಿಸಿ, ಹಿನ್ನೆಲೆ ಏನೇ ಬದಲಾದರೂ ಮುಟ್ಟಬೇಡಿ. ಮೋಡ ಬಂದಾಗ ಮಾತ್ರ ಮತ್ತೆ ನೋಡಿ.

ಕಣ್ಣಿನ ವಿಷಯವೂ ಹಾಗೇ. ಬೇಸಿಗೆಯಲ್ಲಿ ನದಿ ರೀವದ ಕಣ್ಣು ಕರಿ ಟೋಪಿಯೊಳಗೆ ಅಡಗಿರುತ್ತದೆ. ಹೊಸ ಕ್ಯಾಮೆರಾಗಳ ಕಣ್ಣು ಹುಡುಕುವ ಫೋಕಸ್ ಕೂಡ ಕೆಲವೊಮ್ಮೆ ಅಲ್ಲಿ ಎಡವುತ್ತದೆ. ಸೂರ್ಯ ಕೆಳಗಿಳಿದಾಗ ಬೆಳಕು ಅಡ್ಡಕ್ಕೆ ಬಂದು ಕಣ್ಣಿನಲ್ಲಿ ಒಂದು ಚುಕ್ಕಿ ಮಿಂಚುತ್ತದೆ. ನಡು ಮಧ್ಯಾಹ್ನ ಎಷ್ಟು ದುಬಾರಿ ಲೆನ್ಸ್ ಇದ್ದರೂ ಆ ಚುಕ್ಕಿ ಬರುವುದಿಲ್ಲ. ಹಾಗಿದ್ದ ಮೇಲೆ ಮಧ್ಯಾಹ್ನ ಮೊಟ್ಟೆ ಕಾಯುವ ಹಕ್ಕಿಯನ್ನು ಎಬ್ಬಿಸಿ ತೆಗೆದ ಫೋಟೋ, ಫೋಟೋ ಆಗಿಯೂ ಚೆನ್ನಾಗಿರುವುದಿಲ್ಲ.

ಹೆಸರಾಂತ ವನ್ಯಜೀವಿ ಫೋಟೋಗ್ರಾಫರ್ ಟಿ.ಎನ್.ಎ. ಪೆರುಮಾಳ್ ಅಂಥವರು ಫಿಲ್ಮ್ ಕಾಲದಲ್ಲಿ ಕೆಲಸ ಮಾಡಿದವರು. ಆಗ ಒಂದು ರೋಲ್‌ಗೆ 36 ಚಿತ್ರ, ಫೋಕಸ್ ಕೈಯಲ್ಲೇ ತಿರುಗಿಸಬೇಕು. ಹಕ್ಕಿಯ ನಡವಳಿಕೆ ತಿಳಿಯದೆ ಆ 36ರಲ್ಲಿ ಒಂದೂ ದಕ್ಕುತ್ತಿರಲಿಲ್ಲ. ಈಗ ಸೆಕೆಂಡಿಗೆ 20 ಚಿತ್ರ ಹೊಡೆಯುವ ಕ್ಯಾಮೆರಾ ನಮ್ಮ ಕೈಯಲ್ಲಿದೆ. ಅದರಿಂದ ನಮ್ಮ ತಾಳ್ಮೆ ಹೆಚ್ಚಬೇಕಿತ್ತು. ಆಗಿರುವುದು ಉಲ್ಟಾ.

ರಂಗನತಿಟ್ಟಿನಲ್ಲಿ ಪರಿಸ್ಥಿತಿ ವಾಸಿ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲೇ ಅದು ಪಕ್ಷಿಧಾಮ ಆಯಿತು, 2022ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ದೋಣಿ ಹತ್ತಿರವೇ ಹೋಗುತ್ತದೆ, 400 ಎಂಎಂ ಲೆನ್ಸ್ ಧಾರಾಳ ಸಾಕು. ದೋಣಿಯವರಿಗೆ ಹಕ್ಕಿಯ ಎಲ್ಲೆ ಚೆನ್ನಾಗಿ ಗೊತ್ತು. ‘ಇನ್ನೂ ಸ್ವಲ್ಪ ಹತ್ತಿರ ಹೋಗಿ ಅಣ್ಣ’ ಅಂತ ಅವರನ್ನು ಪೀಡಿಸುವವರು ನಾವೇ. ಅವರು ನಿಲ್ಲಿಸಿದ ಜಾಗದಲ್ಲಿ ನಿಲ್ಲೋಣ. ನೂರು ರೂಪಾಯಿ ಜಾಸ್ತಿ ಕೊಡುವ ಆಸೆ ತೋರಿಸುವುದು ಬೇಡ.

ನನಗೆ ಭಯ ಇರುವುದು ಕನ್ನಂಬಾಡಿಯ ಹಿನ್ನೀರಿನ ಬಗ್ಗೆ. ಬೇಸಿಗೆಯಲ್ಲಿ ನೀರು ಇಳಿದಾಗ ಏಳುವ ದಿಬ್ಬಗಳಿಗೆ ಬೇಲಿ ಇಲ್ಲ, ಟಿಕೆಟ್ ಇಲ್ಲ, ಕೇಳುವವರೂ ಇಲ್ಲ. ಒಬ್ಬರು ಜಾಗದ ಗುರುತು ಹಾಕಿ ಫೋಟೋ ಪೋಸ್ಟ್ ಮಾಡಿದರೆ ಮುಂದಿನ ಭಾನುವಾರ ಅಲ್ಲಿ ಕಾರುಗಳ ಸಾಲು. ಈ ಬರಹದಲ್ಲಿ ನಾನೂ ಯಾವ ಊರಿನ ದಡ ಅಂತ ಬರೆದಿಲ್ಲ, ಕಾಮೆಂಟ್‌ನಲ್ಲಿ ಕೇಳಿದರೂ ಹೇಳುವುದಿಲ್ಲ. ಮೊಟ್ಟೆ, ಮರಿ ಇರುವ ಚಿತ್ರ ನಿಮ್ಮ ಹತ್ತಿರ ಇದ್ದರೆ ಮಳೆಗಾಲ ಮುಗಿಯುವವರೆಗೆ ಇಟ್ಟುಕೊಂಡಿರಿ. ಆಮೇಲೆ ಹಾಕಿ, ಜಾಗದ ಹೆಸರಿಲ್ಲದೆ. ಗ್ರೂಪ್ ನಡೆಸುವವರು ಗೂಡಿನ ಮೇಲಿಂದ ಎದ್ದ ಗುಂಪಿನ ಚಿತ್ರಗಳನ್ನು ಈ ಬೇಸಿಗೆಯಿಂದಲೇ ತೆಗೆದುಹಾಕಿದರೆ ಅಂಥ ಫೋಟೋ ತೆಗೆಯುವವರೂ ಕಡಿಮೆ ಆಗುತ್ತಾರೆ.