ಎರಡು ಮಿಲಿಮೀಟರಿನ ಗಡಿ ತಕರಾರು

ಗೆರೆ ಸರಿದರೆ ಏನೇನಾಗುತ್ತದೆ ಎಂದು ಕಾಸರಗೋಡಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು ನಕ್ಷೆಯ ಮೇಲೊಂದು ಗೆರೆ ಸರಿಯಿತು. ಮನೆ, ತೋಟ, ಬಾವಿ, ದೈವಸ್ಥಾನ ಯಾವುದೂ ಒಂದಂಗುಲ ಕದಲಲಿಲ್ಲ. ಆದರೆ ಸರ್ಕಾರಿ ಕಾಗದದಿಂದ ಹಿಡಿದು ಬಸ್ಸಿನ ಬೋರ್ಡಿನವರೆಗೆ ಎಲ್ಲದರ ಭಾಷೆ ಬದಲಾಯಿತು. ಇಷ್ಟು ಅನುಭವವಿರುವ ಊರಿನ ಹುಡುಗರೇ ಬೈಕ್ ಪಂದ್ಯಕ್ಕೆಂದು ಯಮಹಾ ಆರ್‌ಎಕ್ಸ್ 135ರ ಕ್ರ್ಯಾಂಕ್ ಪಿನ್ನನ್ನು (ಪಿಸ್ಟನ್ನಿನ ರಾಡು ಹಿಡಿದು ತಿರುಗುವ ಗೂಟ) ಎರಡು ಮಿಲಿಮೀಟರ್ ಹೊರಗೆ ಸರಿಸಿ, "ಬೇರೆ ಎಂತ ಮುಟ್ಲಿಕ್ಕೂ ಇಲ್ಲ ಮಾರಾಯ, ಸಿಸಿ ತನ್ನಷ್ಟಕ್ಕೆ ಏರ್ತದೆ" ಎನ್ನುತ್ತಾರಲ್ಲ, ಅದು ಸೋಜಿಗ.

ಸಿಸಿ ಏರುವುದೇನೋ ನಿಜ. ಕಂಪನಿಯ ಲೆಕ್ಕದಲ್ಲಿ ಬೋರ್ (ಸಿಲಿಂಡರಿನ ಒಳ ಅಗಲ) 58 ಮಿ.ಮೀ., ಸ್ಟ್ರೋಕ್ (ಪಿಸ್ಟನ್ನಿನ ಓಟ) 50, ಒಟ್ಟು 132 ಸಿಸಿ. ಪಿನ್ನು ನಡುವಿನಿಂದ 25 ಮಿ.ಮೀ. ದೂರವಿದ್ದದ್ದು 27 ಆದರೆ ಪಿಸ್ಟನ್ ಮೇಲೆ ಎರಡು, ಕೆಳಗೆ ಎರಡು ಹೆಚ್ಚು ಓಡುತ್ತದೆ. ಸ್ಟ್ರೋಕ್ 54 ಆಗಿ 142.7 ಸಿಸಿ ಸಿಗುತ್ತದೆ. ಲಾಭ ಹತ್ತೂವರೆ ಸಿಸಿ, ಅಂದರೆ ಕೆಮ್ಮಿನ ಮದ್ದು ಎರಡು ಚಮಚ. ಬ್ಲಾಕನ್ನು, ಅಂದರೆ ಸಿಲಿಂಡರನ್ನು, ಬೋರ್ ಮಾಡಿಸಿ ಒಂದು ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಿದರೆ ಕ್ರ್ಯಾಂಕ್ ಬಿಚ್ಚದೆಯೇ 136.7 ಬರುತ್ತದೆ, ಹೆಚ್ಚುಕಡಿಮೆ ಒಂದು ಚಮಚ. ಕೈಯಲ್ಲಿ ಕಾಸು ಕಮ್ಮಿ ಇರುವವನು ಒಂದು ಚಮಚಕ್ಕೇ ತೃಪ್ತಿಪಟ್ಟು, ಉಳಿದದ್ದನ್ನು ಒಳ್ಳೆಯ ಟೈರಿಗೆ ಹಾಕುವುದು ಜಾಣತನ. ಆದರೆ ಜಾಣರು ಟೂ ಸ್ಟ್ರೋಕ್ ಬೈಕ್ ಹಿಡಿದುಕೊಂಡು ಕೆಸರಿಗೆ ಇಳಿಯುವುದೇ ಕಡಿಮೆ. ಹಾಗಾಗಿ ಮುಂದಕ್ಕೆ ಹೋಗೋಣ.

ಹೋಗುವ ಮೊದಲು ಸ್ಪರ್ಧೆಯ ನಿಯಮದ ಹಾಳೆಯನ್ನು ಪೂರ್ತಿ ಓದಬೇಕು. ಎಂಟ್ರಿ ಫೀಸ್ ಬರೆದ ಸಾಲು ಮಾತ್ರ ಓದಿದರೆ ಸಾಲದು. ವಿಭಾಗಗಳು ಸಾಮಾನ್ಯವಾಗಿ ಸಿಸಿ ಮೇಲೆ ನಿಂತಿರುತ್ತವೆ. ಅಂಚಿನಲ್ಲಿ 132ಕ್ಕೆ ಜಾಗವಿದ್ದಲ್ಲಿ 142 ಹಿಡಿಸುವುದಿಲ್ಲ. ಆಗ ಎರಡು ಚಮಚ ಮದ್ದು ಕುಡಿದು ಪೈಲ್ವಾನರ ಅಖಾಡಕ್ಕೆ ಇಳಿದ ಹಾಗೆ. ಇನ್ನೊಂದು ವಿಷಯ, ಈ ಎಂಜಿನ್ ರಸ್ತೆಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅನುಮತಿಯಿಲ್ಲದ ಮಾರ್ಪಾಡನ್ನು ಒಪ್ಪುವುದಿಲ್ಲ. ಪಂದ್ಯದ ಬೈಕ್ ಪಿಕಪ್ಪಿನ ಮೇಲೆ ಮಲಗಿ ಪ್ರಯಾಣ ಮಾಡಬೇಕು.

ಈಗ ಪಿನ್ನು. ಬಡವರ ಸ್ಟ್ರೋಕರ್ (ಸ್ಟ್ರೋಕ್ ಉದ್ದ ಮಾಡಿದ ಎಂಜಿನ್) ನಿಂತಿರುವುದು ಆಫ್‌ಸೆಟ್ ಪಿನ್ನಿನ ಮೇಲೆ. ಎರಡು ತುದಿಗಳು ಒಂದೇ ನೇರದಲ್ಲಿ ಇರುತ್ತವೆ, ಬೇರಿಂಗ್ ಕೂರುವ ನಡುಭಾಗ ಮಾತ್ರ ಎರಡು ಮಿ.ಮೀ. ಪಕ್ಕಕ್ಕೆ. ಇದನ್ನು ಮಾಡಿಸಲು ಲೇತಿಗೆ ಹೋಗಬೇಕು. ಕುಂಬಳೆ, ಉಪ್ಪಳ, ಮಂಗಳೂರು, ಲೇತು ಎಲ್ಲಿಯದಾದರೂ ಸಿಗುವ ಉತ್ತರ ಒಂದೇ: "ನಾಳೆ." ಈ ಪದ ಕನ್ನಡದಲ್ಲೂ ಮಲಯಾಳದಲ್ಲೂ ಒಂದೇ ಆದ್ದರಿಂದ ತಪ್ಪು ತಿಳಿದೆ ಎನ್ನುವಂತಿಲ್ಲ. ತುಳುವಿನಲ್ಲಿ ನಾಳೆಗೆ ಎಲ್ಲೆ ಎನ್ನುತ್ತಾರೆ. ಕನ್ನಡದಲ್ಲಿ ಎಲ್ಲೆ ಎಂದರೆ ಗಡಿ. ಲೇತಿನವರ ನಾಳೆಗೆ ಎಲ್ಲೆಯೇ ಇಲ್ಲ.

ಅಲ್ಲಿ ಕಾಯುತ್ತ ಕೂತಾಗ ಕೇಳಲೇಬೇಕಾದ ಪ್ರಶ್ನೆ, ಉಕ್ಕು ಯಾವುದು? ಮೂಲೆಯಲ್ಲಿ ಬಿದ್ದ ಇಎನ್ 8 ಎಂಬ ದರ್ಜೆಯ ಉಕ್ಕಿನ ತುಂಡಿನಲ್ಲಿ ಪಿನ್ ಮಾಡಿದರೆ ನೋಡಲಿಕ್ಕೆ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಆದರೆ ನೀಡಲ್ ಬೇರಿಂಗ್ ಅದನ್ನು ಹಪ್ಪಳದಂತೆ ತಿನ್ನುತ್ತದೆ. ಇಎನ್ 31 ಗಟ್ಟಿ ಹೌದು, ಒಳಗಿನವರೆಗೂ ಗಟ್ಟಿಯಾದ್ದರಿಂದ ಪೆಟ್ಟಿಗೆ ಸೀಳುವ ಸ್ವಭಾವ. ಬೇಕಾದದ್ದು ಇಎನ್ 36ರಂತಹ ಉಕ್ಕು. ಮೇಲ್ಪದರ ಮಾತ್ರ ಗಟ್ಟಿ ಮಾಡುವ ಕೇಸ್ ಹಾರ್ಡನಿಂಗ್ ಮಾಡಿಸಿ, ಮೇಲ್ಮೈಯ ಗಡಸುತನ 58ರಿಂದ 62 ಎಚ್‌ಆರ್‌ಸಿ ಬಂದ ಮೇಲೆ ಗ್ರೈಂಡಿಂಗ್. ಹಲಸಿನ ಹಣ್ಣಿನ ಹಾಗೆ, ಹೊರಗೆ ಕಲ್ಲು, ಒಳಗೆ ಸ್ವಲ್ಪ ಬಳುಕುವ ಗುಣ.

ಒತ್ತಿ ಕೂರಿಸುವ ಪ್ರೆಸ್ಸಿಗೆ ಕೊಡುವ ಮುಂಚೆ ಪಿನ್ನಿನ ತುದಿಯಲ್ಲೂ ಅದು ಕೂರುವ ಫ್ಲೈವೀಲಿನ ಮುಖದಲ್ಲೂ ಒಂದು ಗೀರು ಹಾಕಿ, ಆಫ್‌ಸೆಟ್ ನೇರ ಹೊರಗೆ ನೋಡುವಂತೆ ಸೇರಿಸಬೇಕು. ತುದಿಗಳು ದುಂಡಗಿರುವುದರಿಂದ ಪಿನ್ನು ಹೇಗೆ ಹಿಡಿದರೂ ಒಳಗೆ ಹೋಗುತ್ತದೆ, ಮೋಸ ಇರುವುದೇ ಅಲ್ಲಿ. ಕಾಲು ಸುತ್ತು ತಿರುಗಿ ಕೂತರೆ ಸ್ಟ್ರೋಕ್ 50.16, ಅಷ್ಟೂ ಖರ್ಚಿಗೆ ಸಿಕ್ಕಿದ್ದು 0.16 ಮಿ.ಮೀ. ಅರ್ಧ ಸುತ್ತು ತಿರುಗಿತೋ, ಸ್ಟ್ರೋಕ್ 46ಕ್ಕೆ ಇಳಿದು ಎಂಜಿನ್ 121 ಸಿಸಿ ಆಗುತ್ತದೆ. ದುಡ್ಡು ಕೊಟ್ಟು ಎಂಜಿನ್ ಸಣ್ಣದು ಮಾಡಿಸಿಕೊಂಡವರು ಇಲ್ಲದಿಲ್ಲ, ಅವರು ಯಾರಿಗೂ ಹೇಳುವುದಿಲ್ಲ ಅಷ್ಟೆ. ಪ್ರೆಸ್ ಆದ ಮೇಲೆ ಎರಡು ತುದಿ ಶಾಫ್ಟುಗಳನ್ನು ವಿ ಬ್ಲಾಕಿನ ಮೇಲಿಟ್ಟು ಡಯಲ್ ಗೇಜ್ ಹಚ್ಚಿ ತಿರುಗಿಸಿದರೆ ಓಲಾಟ 0.03 ಮಿ.ಮೀ. ದಾಟಬಾರದು. ದಾಟಿದರೆ ತಾಮ್ರದ ಸುತ್ತಿಗೆಯಿಂದ ತಾಳ್ಮೆಯಲ್ಲಿ ತಟ್ಟಿ ಸರಿಪಡಿಸಬೇಕು. ಈ ಟ್ರೂಯಿಂಗ್ ಕೆಲಸಕ್ಕೆ ಚೌಕಾಶಿ ಮಾಡಬೇಡಿ. ಚೆಂಡೆಯ ಹುರಿ ಬಿಗಿದು ಶ್ರುತಿ ಕೂರಿಸಿದ ಹಾಗೆ, ಕೈ ಪಳಗಿದವನಿಗೆ ಹತ್ತು ನಿಮಿಷ, ಉಳಿದವರಿಗೆ ಹತ್ತು ದಿನ.

ಈಗ ಗಡಿ ತಕರಾರು ಶುರು. ಪಿಸ್ಟನ್ ಎರಡು ಮಿ.ಮೀ. ಮೇಲೇರಿ ಹೆಡ್ಡಿಗೆ ಗುದ್ದುತ್ತದೆ. ಅದಕ್ಕೊಂದು ಸ್ಪೇಸರ್ (ನಡುವೆ ಇಡುವ ದಪ್ಪ ತಗಡು) ಬೇಕು, ಪ್ರಶ್ನೆ ಅದನ್ನು ಎಲ್ಲಿಡುವುದು ಎಂದು. ಬ್ಲಾಕಿನ ಅಡಿಗಿಟ್ಟರೆ ಪೋರ್ಟುಗಳೂ (ಗಾಳಿ, ಹೊಗೆ ಹೋಗಿಬರುವ ಕಿಂಡಿಗಳು) ಎರಡು ಮಿ.ಮೀ. ಮೇಲೆ ಹೋಗುತ್ತವೆ. ಒಂದು ಲೆಕ್ಕ ನೋಡಿ. ಕನೆಕ್ಟಿಂಗ್ ರಾಡ್ 100 ಮಿ.ಮೀ., ಎಕ್ಸಾಸ್ಟ್ ಪೋರ್ಟಿನ ಮೇಲಂಚು ಪಿಸ್ಟನ್ನಿನ ತುತ್ತತುದಿ ನಿಲುಗಡೆಯಿಂದ 26 ಮಿ.ಮೀ. ಕೆಳಗೆ ಎಂದಿಟ್ಟುಕೊಳ್ಳಿ. ಹಳೆಯ ಸ್ಟ್ರೋಕಿನಲ್ಲಿ ಪೋರ್ಟ್ ತೆರೆದಿರುವುದು ಸುಮಾರು 190 ಡಿಗ್ರಿ. ಅಡಿಯ ಸ್ಪೇಸರಿನಲ್ಲಿ ಅದು ಸುಮಾರು 200 ಆಗುತ್ತದೆ. ಹೆಡ್ಡಿನ ಕೆಳಗಿಟ್ಟರೆ 191, ಅಂದರೆ ಹೆಚ್ಚೇನೂ ಬದಲಿಲ್ಲ. 200 ಎಂದರೆ ಎಂಜಿನ್ ಮೇಲಿನ ಆರ್‌ಪಿಎಮ್ಮಿನಲ್ಲಿ ಕಿರುಚುತ್ತದೆ, ಕೆಳಗೆ ನಿದ್ದೆ ಹೊಡೆಯುತ್ತದೆ. ಮುರಕಲ್ಲಿನ ಬಯಲಿನ ಉದ್ದ ಓಟಕ್ಕೆ ಅದು ನಡೆದೀತು. ಗದ್ದೆಯ ಕೆಸರಿನಲ್ಲಿ ತಿರುವಿನಿಂದ ಎದ್ದು ಬರಬೇಕಾದವನಿಗೆ ಹೆಡ್ಡಿನ ಕಡೆಯ ಸ್ಪೇಸರೇ ಗತಿ. ಹಾಗೆ ಮಾಡುವಾಗ ಮೇಲಿನ ರಿಂಗ್ ಬ್ಲಾಕಿನ ಬಾಯಿಯಿಂದ ಹೊರಗೆ ಇಣುಕುತ್ತದೆಯೇ ಎಂದು ನೋಡಿಕೊಳ್ಳಿ. ಇಣುಕಿದರೆ ವಾಪಸ್ ಒಳಗೆ ಹೋಗುವಾಗ ಸಿಕ್ಕಿ ಮುರಿಯುತ್ತದೆ.

ಅಡಿಯ ಸ್ಪೇಸರ್ ಆರಿಸಿದವನಿಗೆ ನೆರೆಮನೆಯವರ ಅರ್ಜಿಗಳು ಒಂದರ ಹಿಂದೊಂದು ಬರುತ್ತವೆ. ಬ್ಲಾಕು ಎತ್ತರವಾದ್ದರಿಂದ ಸ್ಟಡ್ಡಿನ ಮೇಲೆ ನಟ್ಟು ಪೂರ್ತಿ ಹಿಡಿಯುವುದಿಲ್ಲ. ಸೈಲೆನ್ಸರಿನ ಬಾಯಿ ಮೇಲೆ ಹೋದ್ದರಿಂದ ಅದರ ಹಿಂದಿನ ಬ್ರ್ಯಾಕೆಟ್ ತೂತಿಗೆ ಬೋಲ್ಟ್ ಸೇರುವುದಿಲ್ಲ. ಬಲವಂತವಾಗಿ ಎಳೆದು ಬಿಗಿದರೆ ಎರಡನೇ ಲ್ಯಾಪಿನಲ್ಲಿ ಫ್ಲ್ಯಾಂಜ್ ಬಿರುಕು ಬಿಡುತ್ತದೆ. ಸ್ಪೇಸರನ್ನು ಬರೀ ದುಂಡಗೆ ಕತ್ತರಿಸಿದರೆ ಕೇಸಿನಿಂದ ಸಿಲಿಂಡರಿಗೆ ಮಿಶ್ರಣ ಏರುವ ಟ್ರಾನ್ಸ್‌ಫರ್ ದಾರಿಗೆ ಅಡ್ಡ ಹೊಸ್ತಿಲು ಕಟ್ಟಿದಂತೆ. ಹಳೆಯ ಪ್ಯಾಕಿಂಗನ್ನೇ ಅಚ್ಚಾಗಿಟ್ಟು ಗೆರೆ ಎಳೆದು ಕತ್ತರಿಸುವುದು ಸರಿ. ಇಗ್ನಿಷನ್ ಟೈಮಿಂಗನ್ನು (ಪ್ಲಗ್ ಕಿಡಿ ಹಾರಿಸುವ ಹೊತ್ತು) ಮಿಲಿಮೀಟರಿನಲ್ಲಿ ಹಿಡಿಯುವವರು ಇನ್ನೊಂದು ನೆನಪಿಡಬೇಕು. ಹಳೆಯ ಸ್ಟ್ರೋಕಿನ ಎರಡು ಮಿ.ಮೀ. ಹೊಸದರಲ್ಲಿ ಸುಮಾರು ಒಂದು ಡಿಗ್ರಿ ಕಡಿಮೆ ತೋರಿಸುತ್ತದೆ.

ಕೆಳಗಡೆಯ ಗಡಿಯೂ ಸರಿದಿದೆ. ಪಿಸ್ಟನ್ನಿನ ಲಂಗ ಎರಡು ಮಿ.ಮೀ. ಇಳಿದು ಫ್ಲೈವೀಲಿಗೆ ತಾಗಬಹುದು, ರಾಡಿನ ದಪ್ಪ ತುದಿ ಕ್ರ್ಯಾಂಕ್ ಕೇಸಿನ ಗೋಡೆಗೆ ಉಜ್ಜಬಹುದು. ಇದಕ್ಕೆ ದುಬಾರಿ ಉಪಕರಣ ಬೇಡ, ಅಡುಗೆಮನೆಯಿಂದ ಗಟ್ಟಿಯಾಗಿ ನಾದಿದ ಮೈದಾ ಒಂದು ಉಂಡೆ ಸಾಕು. ಅನುಮಾನ ಇರುವ ಕಡೆ ಅಂಟಿಸಿ, ಕೈಯಲ್ಲಿ ನಿಧಾನ ಎರಡು ಸುತ್ತು ತಿರುಗಿಸಿ, ಬಿಚ್ಚಿ, ಒತ್ತಿಹೋದ ಹಿಟ್ಟನ್ನು ಬ್ಲೇಡಿನಲ್ಲಿ ಕತ್ತರಿಸಿ ದಪ್ಪ ಅಳೆಯಿರಿ. ಒಂದು ಮಿ.ಮೀ.ಗಿಂತ ತೆಳ್ಳಗಿದ್ದರೆ ಅಲ್ಲಿ ಗ್ರೈಂಡರ್ ಆಡಿಸಬೇಕು. ಹೆಡ್ಡಿನ ಸ್ಕ್ವಿಶ್ ಅಂತರಕ್ಕೆ (ಮೇಲೇರಿದ ಪಿಸ್ಟನ್ನಿಗೂ ಹೆಡ್ಡಿನ ಅಂಚಿಗೂ ನಡುವಿನ ಜಾಗ) ಮಾತ್ರ ಮೈದಾ ಸಾಲದು, ರೇಡಿಯೋ ರಿಪೇರಿಯವರ ಸೋಲ್ಡರ್ ತಂತಿ ಬೇಕು. ಪ್ಲಗ್ ತೂತಿನಲ್ಲಿ ಗೋಡೆ ಮುಟ್ಟುವ ತನಕ ತೂರಿಸಿ, ರಾಡಿಗೆ ಪಿಸ್ಟನ್ನನ್ನು ಜೋಡಿಸುವ ಗಜ್ಜನ್ ಪಿನ್ನಿನ ನೇರದಲ್ಲೇ ಹಿಡಿದು ಒಂದು ಸುತ್ತು. ಚಪ್ಪಟೆಯಾದ ತುದಿ 0.8ರಿಂದ 1 ಮಿ.ಮೀ. ಇದ್ದರೆ ಒಳ್ಳೆಯದು. ಉಳಿದ ಮೈದಾದಲ್ಲಿ ಚಪಾತಿ ಮಾಡಬೇಡಿ ಎಂದು ಹೇಳುವ ಅಗತ್ಯ ಬೀಳುತ್ತದೆ ಎಂದು ಯಾರು ಎಣಿಸಿದ್ದರು!

ಬೋರಿಂಗಿಗೆ ಕೊಡುವಾಗ ಬ್ಲಾಕಿನ ಜೊತೆ ಪಿಸ್ಟನ್ನನ್ನೂ ಕೊಡಬೇಕು, ಬರೀ ಅಳತೆ ಬಾಯಲ್ಲಿ ಹೇಳಿ ಬರಬಾರದು. ಗಾಳಿಯಲ್ಲಿ ತಣಿಯುವ ಈ ಎಂಜಿನ್ನಿಗೆ ಪಂದ್ಯದ ಲೆಕ್ಕದಲ್ಲಿ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಗ್ಯಾಪು 0.05ರಿಂದ 0.06 ಮಿ.ಮೀ. ಬೋರ್ ಆದ ಮೇಲೆ ಪೋರ್ಟಿನ ಅಂಚುಗಳು ಕತ್ತಿಯ ಹಾಗೆ ಹರಿತವಾಗಿರುತ್ತವೆ. ಅವನ್ನು ಸಣ್ಣಗೆ ಮಟ್ಟ ಹಾಕದಿದ್ದರೆ ರಿಂಗಿನ ಆಯುಷ್ಯ ಮದುವೆ ಮಂಟಪದ ಹೂವಿನಷ್ಟು. ಪಿಸ್ಟನ್ ಕೂರಿಸುವಾಗ ಕೇಸಿನ ಬಾಯಿಗೆ ಬಟ್ಟೆ ತುರುಕಿರಿ. ಗಜ್ಜನ್ ಪಿನ್ನಿನ ಸರ್‌ಕ್ಲಿಪ್ ಎಂಬ ಜೀವಿಗೆ ಒಂದೇ ಗುರಿ, ಕ್ರ್ಯಾಂಕ್ ಕೇಸಿನ ಗುಂಡಿ. ಅಂಗಡಿಯಲ್ಲಿ ಅದಕ್ಕೆ ಚಿಲ್ಲರೆ ಕಾಸು, ಒಳಗೆ ಬಿದ್ದದ್ದನ್ನು ತೆಗೆಯಲಿಕ್ಕೆ ಒಂದು ಇಡೀ ಭಾನುವಾರ. ಹಳೆಯದನ್ನೇ ಬಗ್ಗಿಸಿ ಮತ್ತೆ ಹಾಕುವವರು ಉಳಿಸಿದ ದುಡ್ಡಲ್ಲಿ ಹೊಸ ಬ್ಲಾಕ್ ಕೊಳ್ಳುತ್ತಾರೆ.

ಗುಜರಿಯಿಂದ ಏನೇನು ತರಬಹುದು? ಕೇಸು, ಕ್ಲಚ್ ಕವರು, ಫ್ರೇಮು, ಮ್ಯಾಗ್ನೆಟ್ಟು ತನ್ನಿ. ಬೇರಿಂಗ್, ಆಯಿಲ್ ಸೀಲ್, ಕನೆಕ್ಟಿಂಗ್ ರಾಡ್ ಕಿಟ್ ಮಾತ್ರ ಹೊಸತೇ. ಸ್ಟ್ರೋಕ್ ಉದ್ದವಾದ ಮೇಲೆ 8000 ಆರ್‌ಪಿಎಮ್ಮಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 13.3 ಮೀಟರಿನಿಂದ 14.4ಕ್ಕೆ ಏರುತ್ತದೆ. ರಾಡು ಹಳೆಯದಾದರೆ ಆ ಹೆಚ್ಚುವರಿ ಭಾರಕ್ಕೆ ಕಿಟಕಿ ಒಡೆದು ಹೊರಗೆ ಬರುತ್ತದೆ, ಕೇಸಿಗೆ ಆ ಕಿಟಕಿಯನ್ನು ಕೊರೆಯುವುದೂ ಅದೇ.

ಸೀಲು ಸರಿಯಿದೆಯೇ ಎಂದು ತಿಳಿಯಲಿಕ್ಕೆ ಎಲ್ಲ ಮನೆಗಳಲ್ಲೂ ಒಂದು ಯಂತ್ರ ಉಂಟು, ಅಜ್ಜನ ಬಿಪಿ ನೋಡುವ ಗಡಿಯಾರದ ಮುಖದ್ದು. ತೋಳಿಗೆ ಸುತ್ತುವ ಪಟ್ಟಿ ಬಿಚ್ಚಿಟ್ಟು ರಬ್ಬರ್ ಬುರುಡೆ ಮತ್ತು ಗೇಜು ಮಾತ್ರ ತೆಗೆದುಕೊಳ್ಳಿ. ಎಕ್ಸಾಸ್ಟ್ ಬಾಯಿಗೆ ಹಳೆಯ ಟ್ಯೂಬಿನ ತುಂಡು ಇಟ್ಟು ಮೇಲೊಂದು ತಗಡು ಬಿಗಿಯಿರಿ. ಕಾರ್ಬ್ಯುರೇಟರ್ ಕೂರುವ ಕಡೆ ರಬ್ಬರ್ ಬಿರಡೆ, ಅದರ ನಡುವೆ ನಳಿಗೆ. ಪಿಸ್ಟನ್ ಕೆಳಗಿರಲಿ. ಬುರುಡೆ ಒತ್ತಿ 300ಕ್ಕೆ ಏರಿಸಿ, ಅದು ಸುಮಾರು 6 ಪಿಎಸ್‌ಐ. ಆಮೇಲೆ ಸುಮ್ಮನೆ ಆರು ನಿಮಿಷ ಮುಳ್ಳನ್ನೇ ನೋಡುತ್ತ ಕೂರಬೇಕು. ಮುಳ್ಳು 250ರ ಮೇಲೆ ನಿಂತರೆ ಪಾಸು. ಜಾರುತ್ತ ಹೋದರೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಷ್ಷಿನಲ್ಲಿ ಹಚ್ಚಿ ಗುಳ್ಳೆ ಎಲ್ಲೇಳುತ್ತದೆ ನೋಡಿ. ಮ್ಯಾಗ್ನೆಟ್ ಕಡೆ ಗುಳ್ಳೆ ಬಂದರೆ ಅಲ್ಲಿಂದ ಗಾಳಿ ಎಳೆಯುತ್ತದೆ, ಮಿಶ್ರಣ ತೆಳ್ಳಗಾಗಿ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಇಳಿಯದೆ ಕೂಗುತ್ತಿರುತ್ತದೆ, ಕೊನೆಗೆ ಸೀಝ್, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿ ನಿಲ್ಲುವುದು. ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಗುಳ್ಳೆ ಕಾಣುವುದು ಗೇರ್‌ಬಾಕ್ಸಿನ ಉಸಿರು ಕೊಳವೆಯಲ್ಲಿ. ಅಂಥ ಎಂಜಿನ್ ಗೇರ್ ಆಯಿಲ್ ಕುಡಿದು ಸೊಳ್ಳೆ ಓಡಿಸುವ ಹಾಗೆ ಬಿಳಿ ಹೊಗೆ ಬಿಡುತ್ತದೆ. ಎರಡು ಕೇಸು ಸೇರುವ ಗೆರೆಯಲ್ಲೇ ಗುಳ್ಳೆ ಎದ್ದರೆ, ಬಿಡಿಸುವಾಗ ಯಾರೋ ಸ್ಕ್ರೂಡ್ರೈವರ್ ತೂರಿಸಿ ಮೀಟಿದ್ದಾರೆ ಎಂದು ಅರ್ಥ. ಕೆಲಸ ಮುಗಿದ ಮೇಲೆ ಬಿಪಿ ಯಂತ್ರವನ್ನು ಒರೆಸಿ ಇಡಿ. ಟೂ-ಟಿ ಆಯಿಲಿನ ವಾಸನೆ ಹೊಡೆದರೆ ಅಜ್ಜನ ಬಿಪಿ ಯಂತ್ರವಿಲ್ಲದೆಯೇ ಏರುತ್ತದೆ.

ಆಯಿಲ್ ಪಂಪು ತೆಗೆದವರು ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. 1:25 ಎಂದರೆ ಲೀಟರಿಗೆ 40 ಮಿಲಿ. "ಸ್ವಲ್ಪ ಜಾಸ್ತಿ ಇರ್ಲಿ, ಒಳ್ಳೇದಲ್ವಾ" ಎಂದು ಸುರಿದರೆ ಅಷ್ಟರಮಟ್ಟಿಗೆ ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ತೆಳ್ಳಗಾಗುತ್ತದೆ, ಒಳ್ಳೆಯದಕ್ಕೆಂದು ಮಾಡಿದ್ದೇ ಸೀಝಿಗೆ ದಾರಿ. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇರುವುದರಿಂದ ಮೇನ್ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಣುಕು) ಹೇಗೂ ಒಂದೆರಡು ನಂಬರ್ ದೊಡ್ಡದು ಬೇಕು. ಜಡಿಮಳೆಯ ಊರಿನಲ್ಲಿ ಕ್ಯಾನಿನ ಮುಚ್ಚಳ ತೆರೆದಿಟ್ಟರೆ ಎಥನಾಲ್ ತೇವ ಎಳೆದುಕೊಳ್ಳುತ್ತದೆ, ಬೆರೆಸಿದ್ದನ್ನು ಅವತ್ತೇ ಮುಗಿಸಿ. ಏರ್ ಫಿಲ್ಟರಿಗೆ ಎಣ್ಣೆ ಹಾಕಿ ಹಿಂಡಿದ ಸ್ಪಂಜು ಇರಲೇಬೇಕು. ನಮ್ಮ ಮುರಕಲ್ಲಿನ ಕೆಂಪು ಧೂಳು ಅಂಗಿಗೆ ಹತ್ತಿದರೆ ಕಲೆ, ಸಿಲಿಂಡರಿಗೆ ಹತ್ತಿದರೆ ಉಪ್ಪು ಕಾಗದ.

ಕೊನೆಗೆ ಪ್ಲಗ್ ಓದುವುದು. ಹೊಸ ಪ್ಲಗ್ ಹಾಕಿ, ಪೂರ್ತಿ ಆಕ್ಸಿಲರೇಟರಿನಲ್ಲಿ ಒಂದು ನೇರ ಓಟ, ಕ್ಲಚ್ ಹಿಡಿದು ಅಲ್ಲೇ ಕಿಲ್ ಸ್ವಿಚ್, ಬಿಚ್ಚಿ ನೋಡುವುದು. ನಮ್ಮಲ್ಲಿ ಇದನ್ನು ಚಾಯದ ಅಂಗಡಿಯ ಲೆಕ್ಕದಲ್ಲೇ ಹೇಳಬಹುದು. ಹಾಲಿಲ್ಲದ ಕಟ್ಟನ್ ಚಾಯದ ಕಪ್ಪು, ಒದ್ದೆ ಒದ್ದೆ ಇದ್ದರೆ ಪೆಟ್ರೋಲ್ ಹೆಚ್ಚು, ಜೆಟ್ ಇಳಿಸಿ. ಹದವಾದ ಚಾಯದ ಕಂದು ಬಂದರೆ ಕೈ ಮುಗಿದು ಅಲ್ಲೇ ಬಿಡಿ. ಬರೀ ಹಾಲಿನ ಬಿಳಿಯಾದರೆ ಇನ್ನೊಂದು ಸುತ್ತು ಕೂಡ ಹೋಗಬೇಡಿ, ಕೂಡಲೇ ದೊಡ್ಡ ಜೆಟ್ ತರಬೇಕು. ಅದಕ್ಕಾಗಿ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರೆ ಅವರು ಡಬ್ಬಿ ತೆರೆದು, ಬೆರಳಿನಿಂದ ಕೆದಕಿ, ಬೇಕಾದ ನಂಬರಿನದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೌಂಟರಿನ ಮೇಲೆ ಸಾಲಾಗಿ ಇಟ್ಟು, ಕನ್ನಡದಲ್ಲೋ ಮಲಯಾಳದಲ್ಲೋ ಗೊತ್ತಾಗದ ಹಾಗೆ ಹೇಳುತ್ತಾರೆ: "ನಾಳೆ."